ತುಳಜಾಳ ಎರಡನೆಯ ಖೋಲಿ

ಬೂಂದಿಯ ಒಂದು ಕಾಳು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ, ನಾಲಿಗೆ ತಿರುಗಿಸಿದರೂ ಬರುತ್ತಿಲ್ಲ, ಸಿಹಿ ಬಿಡುತ್ತಲೇ ಇದೆ, ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದು ಕಲ್ಯಾಣದಲ್ಲಿ ಇಳಿದೊಡನೆ ತಂಗಿ ತುಳಜಾ ನನ್ನ ಬಾಯಿಗೆ ಹಾಕಿದ್ದು, ಓಣಿಗೆಲ್ಲ ಹಂಚಿದ್ದಾಳೆ, ನಮ್ಮ ಅಣ್ಣ ನಲವತ್ತು ಸಾವಿರದ್ದು ಲಕ್ಷ ಮಾಡ್ಯಾನ ಎಂದು ಪಕ್ಕದ ಮನೆಯವರಿಗೆ ಹೇಳುವಾಗ ಅವಳ ಮುಖ—ನೋಡಲಾಗಲಿಲ್ಲ, ಚಪ್ಪಲಿಯ ಪಟ್ಟಿ ಸರಿಮಾಡುವವನಂತೆ ಬಗ್ಗಿದೆ, ಆ ಲಕ್ಷ ಸಾಲದೆಂದು ನನಗೆ ಆಗಲೇ ಗೊತ್ತಿತ್ತು, ಮನೆ ಕಟ್ಟುವ ಗೌಂಡಿ ಅಜೀಮುದ್ದೀನ್ ನಿನ್ನೆಯೇ ಫೋನಿನಲ್ಲಿ ಹೇಳಿದ್ದ, ಆದರೂ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ತೊಂಬತ್ತಮೂರರಲ್ಲಿ ಅವಳ ಗಂಡ ಲಾರಿ ಅಪಘಾತದಲ್ಲಿ ಹೋದಾಗ ಬಂದ ದುಡ್ಡು ಆ ನಲವತ್ತು ಸಾವಿರ, ಅವನು ಕೊಂಡಿಟ್ಟಿದ್ದ ಜಾಗವೂ ಇತ್ತು, ಆಗ ಅಷ್ಟರಲ್ಲಿ ಎರಡು ಖೋಲಿ ಏಳುತ್ತಿದ್ದವು, ಮಲಗಲು ಒಂದು, ಹೊಲಿಗೆ ಮಶೀನಿಗೆ ಒಂದು, ಅವಳು ಕೇಳಿದ್ದೇ ಅಷ್ಟು, ನಾನೇ ಬಿಡಲಿಲ್ಲ, ಪಂಪ್ ಮಾಡೋ ಕಂಪನಿ ಒಂದದ, ಅದರಾಗ ಹಾಕೋಣ, ಬೆಳೀತದ ಎಂದೆ, ಇದ್ದದ್ದೆಲ್ಲ ಆ ಒಂದೇ ಶೇರಿಗೆ, ಆಮೇಲೆ ದಿನಾ ಪೇಪರಿನಲ್ಲಿ ಆ ಒಂದೇ ಸಾಲು ಹುಡುಕುವುದು, ಏರಿತು, ಇಳಿಯಿತು, ವರ್ಷಗಟ್ಟಲೆ ಸತ್ತಂತೆ ಬಿದ್ದಿತ್ತು, ಮತ್ತೆ ಏರಿ ಈ ಸಲ ಲಕ್ಷ ಮುಟ್ಟಿತು, ಮಾರಿದೆ, ಬೀಗಿದೆ. ನಾನು ಬಟ್ಟೆ ಅಂಗಡಿಯವನು, ಪ್ರತಿ ದೀಪಾವಳಿಗೆ ಧೋತರದ ಹಳೇ ಬೆಲೆಚೀಟಿ ಕಿತ್ತು ಹೊಸದು ಅಂಟಿಸಿದ ಕೈ ಇದೇ, ಇಟ್ಟಿಗೆಗೂ ಮರಳಿಗೂ ಯಾರೋ ಹಾಗೇ ಹೊಸ ಬೆಲೆ ಬರೆಯುತ್ತಿರುತ್ತಾರೆಂದು ಹದಿನೈದು ವರ್ಷ ಹೊಳೆಯಲಿಲ್ಲ—ಅವಳ ಬಾಡಿಗೆಯೂ ಏರುತ್ತಲೇ ಇತ್ತು, ಜಂಪರ್ ಹೊಲಿದು ಕಟ್ಟಿದಳು, ತನ್ನ ದುಡ್ಡು ಒಮ್ಮೆಯೂ ಕೇಳಲಿಲ್ಲ.

ಜಾಗದಲ್ಲಿ ಅಜೀಮುದ್ದೀನ್ ಅವಳು ಹೇಳಿದಂತೆ ಎರಡು ಖೋಲಿಗೂ ಸುಣ್ಣದ ಗೆರೆ ಎಳೆಯುತ್ತಿದ್ದಾನೆ, ಬಾಗಿಲಿಗೆ ಸಂದು ಬಿಡುತ್ತಿದ್ದಾನೆ, ನಡುನಡುವೆ ನನ್ನ ಕಡೆ ನೋಡುತ್ತಾನೆ, ನಾನು ತಡೆಯುವುದಿಲ್ಲ, ಕೊನೆಗೆ ಅವನೇ ಹೇಳಿದ, ತುಳಜಾಬಾಯಿ, ಇಷ್ಟರಾಗ ಒಂದೇ ಖೋಲಿ ಆಗ್ತದ್ರಿ, ಎರಡಕ್ಕ ಇನ್ನಾ ಅರವತ್ತು ಸಾವಿರ ಬೇಕ್ರಿ. ತುಳಜಾ ನನ್ನ ಕಡೆ ತಿರುಗಿದಳು, ರೊಕ್ಕ ದೊಡ್ಡದಾಗ್ಯದ ಅಂದಿ, ಮನಿ ಯಾಕ ಸಣ್ಣದಾತಣ್ಣಾ? ಸಿಟ್ಟಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು, ಸಿಟ್ಟಾದರೂ ಇದ್ದಿದ್ದರೆ. ಎಲ್ಲಾದ್ರ ಧಾರಣಿ ಏರ್ಯದ, ತುಳಜಾ, ನಿನ್ನ ರೊಕ್ಕಕ್ಕಿಂತ ಮುಂದ ಹೋಗ್ಯದ, ಅವತ್ತೇ ಕಟ್ಟಬೇಕಿತ್ತು, ನಂದೇ ತಪ್ಪು ಎಂದೆ. ಉಳಿದದ್ದು ನಾ ಹಾಕ್ತೀನಿ ಎನ್ನಬೇಕು, ಈಗಲೇ ಅನ್ನಬೇಕು, ಮಗಳು ದೀಪಾಲಿಯ ಮದುವೆ ನೆನಪಾಯಿತು, ಬಾಯಿ ತೆರೆದು ಮುಚ್ಚಿದೆ, ಅವಳು ಅದನ್ನೂ ನೋಡಿದಳು, ಇರಲಿ ಬಿಡಣ್ಣಾ, ಮಶೀನ್ ಮೂಲ್ಯಾಗ ಇಡ್ತೀನಿ ಎಂದಳು. ಅಜೀಮುದ್ದೀನ್ ಎರಡನೆಯ ಖೋಲಿಯನ್ನು ಕಾಲಿನಿಂದ ಉಜ್ಜಿ ಅಳಿಸಿದ, ಮಣ್ಣು ಮಣ್ಣಾಗಿಯೇ ಉಳಿಯಿತು, ಅವಳು ನೀರು ತರಲು ಹೋದಳು, ಬರುತ್ತಿದ್ದಾಳೆ, ತಂಬಿಗೆ ಹಿಡಿದು, ನೆಟ್ಟಗೆ ಬಂದರೆ ನಾಲ್ಕು ಹೆಜ್ಜೆ, ಬರುವುದಿಲ್ಲ, ಅಳಿಸಿದ ಗೋಡೆಯನ್ನು ಸುತ್ತುತ್ತಾಳೆ, ಸೀರೆಯ ಅಂಚು ಎತ್ತಿ, ಏನೂ ಇಲ್ಲದ ನೆಲದಲ್ಲಿ ಬಾಗಿಲಿದ್ದ ಜಾಗ ನೋಡಿಕೊಂಡು ಅಲ್ಲಿಂದಲೇ ಒಳಗೆ—ಸೀರೆಯ ಅಂಚು ಎತ್ತಿ, ಬಾಗಿಲಿದ್ದ ಜಾಗದಿಂದಲೇ