ಹೊಲಿದ ಕನ್ನೆ, ಹೊಲಿಯದ ಕನ್ನೆ

ಮಳೆ ಹಿಡಿದು ಎಂಟು ದಿನವಾಗಿತ್ತು. ಒಂದಷ್ಟು ಸುರಿದು, ನಡುವೆ ಒಂದು ಗಳಿಗೆ ಬಿಸಿಲು ಬಿಟ್ಟು, ನೆಲ ಹಬೆಯಾಡುವ ಹೊತ್ತಿಗೆ ಮತ್ತೆ ಸುರಿಯುವ ಮಳೆ. ಬಿತ್ತಿದ್ದು ಒಂದು ಬೆರಳು ಎದ್ದರೆ ಬಿತ್ತದೇ ಇದ್ದದ್ದು ಒಂದು ಗೇಣು ಏಳುವ ಕಾಲ. ಸಸಿಯಮ್ಮ ಹಿತ್ತಲಿನಲ್ಲಿ ಮಣೆ ಹಾಕಿಕೊಂಡು, ಬಲಗಾಲನ್ನು ಕೋಲಿನ ಹಾಗೆ ಮುಂದಕ್ಕೆ ಚಾಚಿ, ಈರುಳ್ಳಿ ಪಾತಿಯ ಅಂಚಿನ ಕಳೆ ಕೀಳುತ್ತಿದ್ದಳು. ಅಂಚಿನದು ಮಾತ್ರ. ನಡುವಿನದಕ್ಕೆ ಕೈ ಎಟುಕುತ್ತಿರಲಿಲ್ಲ.

ಸಸಿ ಬೆಳೆಸಿ ಕೊಡುವುದೇ ಅವಳ ಕಸುಬು. ಅದಕ್ಕೇ ಓಣಿಯವರು ಇಟ್ಟ ಹೆಸರು ಅದು. ಈ ಸಲ ಆರು ಪಾತಿ ಈರುಳ್ಳಿ. ಇನ್ನು ಒಂಬತ್ತು ದಿನಕ್ಕೆ ತೋಟದವರು ಬುಟ್ಟಿ ಹಿಡಿದು ಬರುವವರಿದ್ದರು. ಕೂದಲೆಳೆಯಂಥ ಸಸಿಗಳ ನೆತ್ತಿಯ ಮೇಲೆ ಕನ್ನೆ ಎಂಬ ಕಳೆಗಿಡ ಅಗಲ ಎಲೆ ಹರಡಿಕೊಂಡು, ಮನೆಗೆ ಬಂದ ನೆಂಟರು ಹಾಸಿಗೆಯನ್ನೇ ಹಿಡಿದ ಹಾಗೆ ಬಿದ್ದುಕೊಂಡಿತ್ತು. ಇನ್ನು ನಾಲ್ಕು ದಿನ ಹೀಗೇ ಬಿಟ್ಟರೆ ಬುಟ್ಟಿಗೆ ತುಂಬಿ ಕೊಡಲು ಕನ್ನೆಯೇ ಗತಿ.

ಹೋದ ತಿಂಗಳು ಒದ್ದೆ ಮೆಟ್ಟಿಲ ಮೇಲೆ ಜಾರಿದ ಮೇಲೆ ಅವಳ ಮೊಣಕಾಲು ಮಡಚುವುದನ್ನೇ ಮರೆತಿತ್ತು. ಬೀಜ ಹಾಕುವಾಗಲೇ ಬೇಲಿಯಾಚೆಯ ಬೀಗಿತ್ತಿ ಕತ್ತು ಚಾಚಿ ಹೇಳಿದ್ದಳು: "ಈ ಕಾಲಲ್ಲಿ ಆರು ಪಾತಿ ಯಾಕೆ? ಮೂರು ಸಾಕು."

"ನನ್ನ ಕಾಲಿನ ಯೋಚನೆ ನನ್ನ ಕಾಲು ಮಾಡುತ್ತೆ. ನೀನು ನಿನ್ನ ಮೆಷಿನ್ ತುಳಿ" ಎಂದು ಸಸಿಯಮ್ಮ ಆ ಮಾತನ್ನು ಅಲ್ಲೇ ಕತ್ತರಿಸಿ ಹಾಕಿದ್ದಳು. ಹಾಗೆ ಹೇಳಿದ ಬಾಯಿಂದಲೇ ಈಗ 'ಸ್ವಲ್ಪ ಬಂದು ಕಿತ್ತುಕೊಡು' ಎಂದು ಕೇಳುವುದೆಂದರೆ, ಅದಕ್ಕಿಂತ ಕನ್ನೆ ಬುಟ್ಟಿಗೆ ತುಂಬುವುದೇ ಮೇಲು.

ಬೀಗಿತ್ತಿ ದರ್ಜಿ. ಸಸಿಯಮ್ಮನ ಮಗಳನ್ನು ಸೊಸೆ ಮಾಡಿಕೊಂಡು, ಅತ್ತೆ ಸೊಸೆ ಇಬ್ಬರೂ ಒಂದೇ ಕಿಟಕಿಯ ಬೆಳಕಿನಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಶಾಲೆ ಶುರುವಾಗುವ ಸಮಯ. ಮೆಷಿನ್ನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ.

ಮಗಳು ಬೇಲಿಯ ಹತ್ತಿರ ಬಂದು ಕೇಳಿದಳು: "ಅಮ್ಮಾ, ನಾನು ಬಂದು ಎರಡು ಪಾತಿ ಕಿತ್ತುಕೊಡಲಾ?"

"ಬೇಡ. ನೀನು ಬಂದರೆ ನಿಮ್ಮತ್ತೆ 'ಅಂಗಿ ಬಿಟ್ಟು ಸೊಸೇನ ಕಳಿಸಿಕೊಟ್ಟೆ' ಅಂತ ಹತ್ತು ವರ್ಷ ಹೇಳ್ತಾಳೆ."

"ಹೇಳಲಿ ಬಿಡು, ಸಸಿ ಉಳಿಯುತ್ತಲ್ಲ."

"ಸಸಿ ಉಳಿಯುತ್ತೆ. ನಾನು ಉಳೀಬೇಕಲ್ಲ!"

ಮಗಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಸಸಿಯಮ್ಮನ ಕಣ್ಣು ಬೇಲಿಯ ಬುಡದಲ್ಲೇ ನಿಂತಿತು. ಆಚೆ ಕಡೆ, ದರ್ಜಿ ಮನೆಯ ನೀರಿನ ಕಲ್ಲಿನ ಪಕ್ಕದಲ್ಲಿ, ಅಲ್ಲೂ ಒಂದು ಕನ್ನೆ ಪೊದೆ. ದರ್ಜಿ ಅದನ್ನು ಕೀಳದೆ ಸಾಕಿದ್ದಳು. ದಿನಾ ಬೆಳಿಗ್ಗೆ ಅದರ ನೀಲಿ ಎಸಳು ಕಿತ್ತು ಸಣ್ಣ ಬಟ್ಟಲಿನಲ್ಲಿ ಹಿಂಡಿ, ಆ ರಸದಲ್ಲಿ ಕಡ್ಡಿ ಅದ್ದಿ ಬಟ್ಟೆಯ ಮೇಲೆ ಗುರುತು ಹಾಕುವುದು ಅವಳ ಪದ್ಧತಿ. ಸೀಮೆಸುಣ್ಣದ ಗೆರೆ ಕೊಡವಿದರೂ ಹೋಗದು. ಈ ನೀಲಿ ಗೆರೆ ನೀರು ಬಿದ್ದರೆ ಇತ್ತೋ ಇಲ್ಲವೋ ಎನ್ನುವ ಹಾಗೆ ಮಾಯ.

ಅದೂ ನೀಲಿ ಹೂವು, ಇದೂ ನೀಲಿ ಹೂವು. ನೋಡಿದವರಿಗೆ ಎರಡೂ ಕನ್ನೆಯೇ. ಆದರೆ ಮೂವತ್ತು ವರ್ಷ ಕಳೆ ಕಿತ್ತ ಸಸಿಯಮ್ಮನಿಗೆ ಅವು ಬೇರೆ ಬೇರೆ ಎಂದು ಚೆನ್ನಾಗಿ ಗೊತ್ತು. ತನ್ನದು ಅಗಲ ಎಲೆಯ ಒರಟು ಗಿಡ. ಎಲೆ ಕಾಂಡವನ್ನು ಅಪ್ಪಿದ ಕಡೆ ಕಂದು ಕೂದಲು. ಮೇಲೆ ಹೂ ಬಿಡುವುದಲ್ಲದೆ ಮಣ್ಣಿನ ಒಳಗೂ ಬಿಳಿ ದಾರ ಇಳಿಸಿ, ಯಾರಿಗೂ ತಿಳಿಯದ ಹಾಗೆ ಅಲ್ಲೇ ಮೊಗ್ಗು ಕಟ್ಟಿ ಕಾಯಾಗುವ ಕಳ್ಳಗಿಡ. ದರ್ಜಿಯದು ಬಿದಿರೆಲೆಯಂತೆ ಚೂಪೆಲೆಯ ನಯವಾದ ಗಿಡ; ಮಣ್ಣಿನೊಳಗೆ ಯಾವ ಗುಟ್ಟೂ ಇಲ್ಲ; ಹೂವಿನ ಕೆಳಗಿನ ಎಸಳು ಮಾತ್ರ ಬಿಳಿ.

ತನಗೆ ಗೊತ್ತು, ಸರಿ. ಬೇರೆ ಯಾರಿಗೆ ಗೊತ್ತು? ಇಷ್ಟು ಅನ್ನಿಸಿದ್ದೇ ತಡ, ಸಸಿಯಮ್ಮನ ಕೈ ಕಳೆ ಕೀಳುವುದನ್ನು ನಿಲ್ಲಿಸಿತು.

ಆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಬೇಲಿ ದಾಟಿದ ಹುಲ್ಲಿಗಾಗಿ ಎರಡು ಮನೆಯವರು ಕೈ ಕೈ ಮಿಲಾಯಿಸಿದ ಮೇಲೆ ಎಲ್ಲರೂ ಕೂತು ಒಪ್ಪಿಕೊಂಡದ್ದು: ಬೇಲಿ ದಾಟಿ ಬಂದ ಕಳೆ ಯಾರ ಹಿತ್ತಲಿನದೋ ಅವರೇ ಬಂದು, ಅವರ ಕೈಯಾರೆ ಕೀಳಬೇಕು. ಸುಳ್ಳು ದೂರು ಹೇಳಿದರೆ, ಹೇಳಿದವರು ಎರಡು ದಿನ ಆ ಮನೆಯ ಕೆಲಸ ಮಾಡಬೇಕು. ತೀರ್ಪು ಹೇಳುವವನು ಗಡಿಯಾರ ರಿಪೇರಿಯ ಮಾವ. ಓಣಿಯಲ್ಲಿ ಯಾರಿಗೂ ಬೀಗನಾಗದೆ ಉಳಿದಿದ್ದವನು ಅವನೊಬ್ಬನೇ, ಜೊತೆಗೆ ಅವನ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಬೇರೆ ಇತ್ತು.

ಆ ಸಂಜೆ ದರ್ಜಿ ಸೊಸೆಯನ್ನು ಕರೆದುಕೊಂಡು ಅಂಗಿಯ ಗಂಟು ಕೊಡಲು ಶಾಲೆಗೆ ಹೋದಳು. ಅವರ ಕೊಡೆ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಸಸಿಯಮ್ಮ ಒಂದು ಪಾತ್ರೆಯನ್ನೇ ಮೂರು ಸಲ ತೊಳೆದಳು. ಆಮೇಲೆ ಬೇಲಿಯ ಸಂದಿನಲ್ಲಿ ಕೈ ತೂರಿಸಿ, ಮೊಗ್ಗು ತುಂಬಿದ ಮೂರು ಕನ್ನೆಗಿಡವನ್ನು ಬೇರು ಸಮೇತ ಎಬ್ಬಿಸಿದಳು. ತನ್ನ ಮೊದಲನೆಯ ಪಾತಿಯಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಅವನ್ನು ನೆಟ್ಟು ಹೆಬ್ಬೆರಳಿನಿಂದ ಮಣ್ಣು ಅದುಮಿದಳು. ಕೈ ತೊಳೆದು, ಮೇಲೆ ನೋಡಿ, "ಒಂದು ಹನಿ ಬೀಳಪ್ಪ" ಎಂದಳು. ಮಳೆಯೂ ಪಾಲುದಾರನ ಹಾಗೆ ಬಂದು ಹೆಜ್ಜೆ ಗುರುತನ್ನೆಲ್ಲ ಅಳಿಸಿಕೊಟ್ಟಿತು.

ಬೆಳಿಗ್ಗೆ ಮೂರೂ ಗಿಡ ಹೂವಾಗಿ ನಗುತ್ತಿದ್ದವು. ಸಸಿಯಮ್ಮ ಬೇಲಿಗೆ ಬಂದು, ಓಣಿಗೆಲ್ಲ ಕೇಳಿಸುವ ಹಾಗೆ ಕೂಗಿದಳು: "ಬೀಗಿತ್ತೀ, ನೀನು ಸಾಕಿದ ಕನ್ನೆ ನನ್ನ ಆರು ಪಾತಿ ತಿಂತು! ಗಡಿಯಾರದ ಮಾವನಿಗೆ ಹೇಳಿ ಕಳಿಸಿದ್ದೀನಿ. ಎಂಟು ಗಂಟೆಗೆ ಬರ್ತಾನೆ."

ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು. "ಬರಲಿ. ಬೀಗರ ಸತ್ಕಾರ ಅಂದ್ರೆ ಇದೇ ತಾನೇ?" ಎಂದಳು. ಅವಳ ಶಾಂತ ದನಿ ಸಸಿಯಮ್ಮನಿಗೆ ಅಷ್ಟು ಹಿಡಿಸಲಿಲ್ಲ.

ಎಂಟಾಯಿತು, ಒಂಬತ್ತಾಯಿತು. ಊರಿನ ಗಡಿಯಾರಗಳನ್ನೆಲ್ಲ ಸರಿ ಮಾಡುವ ಮನುಷ್ಯ ಹೇಳಿದ ಹೊತ್ತಿಗೆ ಬಂದದ್ದನ್ನು ಕಂಡವರು ಯಾರೂ ಇರಲಿಲ್ಲ. ಹನ್ನೊಂದಕ್ಕೆ ಬಿಸಿಲು ಚುರುಕಾಯಿತು. ಕನ್ನೆಯ ಹೂವಿಗೆ ಆಯಸ್ಸು ಬೆಳಗಿನಿಂದ ಮಧ್ಯಾಹ್ನದವರೆಗೆ. ಆಮೇಲೆ ಅದು ಬಾಡುವುದೂ ಇಲ್ಲ, ಉದುರುವುದೂ ಇಲ್ಲ, ಕರಗಿ ನೀರಾಗಿ ಬಿಡುತ್ತದೆ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಮಾವ ಗೇಟು ತೆಗೆದ.

"ಎಲ್ಲಿ ಹೂವು?"

"ಹೂವು ನಿಮ್ಮ ದಾರಿ ಕಾದು ಕಾದು ಕರಗಿ ಹೋಯ್ತು" ಎಂದಳು ಸಸಿಯಮ್ಮ. ಬೆಳಿಗ್ಗೆ ತಾನು ನೆಟ್ಟ ಮೂರರ ಹೂವನ್ನೂ ಬೇಲಿಯಾಚೆಯದನ್ನೂ ಅಂಗೈಯಲ್ಲಿ ಇಟ್ಟು ಬಿಳಿ ಎಸಳು ತೋರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಈಗ ಕೈಗೆ ಹತ್ತುವುದು ನೀಲಿ ಲೋಳೆ ಮಾತ್ರ.

ಮಾವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮಟದಲ್ಲಿ ಲೋಳೆ ಎತ್ತಿ, ಗಂಭೀರವಾಗಿ "ನೀಲಿ" ಎಂದ. ಬೇಲಿಯಾಚೆ ಬಗ್ಗಿ ಅಲ್ಲಿಯದನ್ನೂ ನೋಡಿ "ಇದೂ ನೀಲಿ" ಎಂದ. "ಎರಡೂ ಒಂದೇ. ಹಾಗಾದ್ರೆ ದರ್ಜಿಯಮ್ಮನೇ ಕೀಳಬೇಕು."

ಸಸಿಯಮ್ಮನ ಎದೆ ಹಗುರಾಯಿತು. ಆರು ಪಾತಿ! ಕೇಳಿಕೊಳ್ಳದೆ, ತಲೆ ತಗ್ಗಿಸದೆ, ಕಟ್ಟಳೆಯ ಪ್ರಕಾರ!

"ಮಾವ, ಒಂದು ನಿಮಿಷ" ಎಂದು ದರ್ಜಿ ಬೇಲಿಯ ಗೇಟಿನಿಂದ ಒಳಗೆ ಬಂದಳು. ಹಿಂದೆಯೇ ಸೊಸೆ. "ಹೂವು ಹೋದರೆ ಹೋಗಲಿ. ಹೂವು ಕೂತಿದ್ದ ಈ ಹಸಿರು ಚೀಲ ನೋಡಿ." ಅವಳು ಪಾತಿಯ ನಡುವಿಂದ ಒಂದು ಅಗಲೆಲೆಯ ಕನ್ನೆ ಕಿತ್ತು, ಹೂವಿನ ಬುಡದ ಮಡಿಕೆಯನ್ನು ಉಗುರಿನಿಂದ ಎಳೆದಳು. ಅದು ಬಿಡಲಿಲ್ಲ. "ಇದರ ಅಂಚು ಹೊಲಿದಿದೆ. ಎಣ್ಣೆ ಸುರಿಯೋ ಲಾಳಿಕೆ ಹಾಗೆ, ಕೆಳಗಿನ ತನಕ ಮುಚ್ಚಿದ ಹೊಲಿಗೆ." ಆಮೇಲೆ ತನ್ನ ಹಿತ್ತಲಿನದೊಂದು ಕಿತ್ತು ತಂದಳು. ಅದರ ಮಡಿಕೆ ಪತ್ರ ಮಡಿಚಿದ ಹಾಗೆ. ಬೆರಳು ತಾಗಿದ್ದೇ ತೆರೆದುಕೊಂಡಿತು. "ಇದು ಹೊಲಿಯದ ಮಡಿಕೆ. ಬರೀ ಇಸ್ತ್ರಿ ಹಾಕಿ ಬಿಟ್ಟಿದ್ದಾರೆ. ನನ್ನ ಮನೇದು ಪೂರಾ ಹೊಲಿಯದ್ದು. ಇಲ್ಲಿ ಎಷ್ಟಿವೆ, ನೀವೇ ನೋಡಿ."

ಮಾವ ಭೂತಗನ್ನಡಿಯೊಂದಿಗೆ ಪಾತಿಯಿಂದ ಪಾತಿಗೆ ಕುಕ್ಕರುಗಾಲಿನಲ್ಲಿ ಸಾಗಿದ. "ಹೊಲಿದದ್ದು. ಹೊಲಿದದ್ದು. ಇದೂ ಹೊಲಿದದ್ದು." ಕೊನೆಗೆ ಮೊದಲ ಪಾತಿಗೆ ಬಂದ. "ಆಹಾ, ಇಲ್ಲಿದೆ ಹೊಲಿಯದ್ದು! ಒಂದು, ಎರಡು, ಮೂರು."

"ಅದೇ ನಾನು ಹೇಳಿದ್ದು!" ಸಸಿಯಮ್ಮ ಮಣೆಯಿಂದ ಅರ್ಧ ಎದ್ದಳು. "ದಾಟಿ ಬಂತೋ ಇಲ್ಲವೋ?"

ದರ್ಜಿ ಕೊರಳಿನ ಅಳತೆಪಟ್ಟಿ ತೆಗೆದು ಮೂರು ಗಿಡಗಳ ಪಕ್ಕದಲ್ಲಿ ಹಾಸಿದಳು. ಒಂದನೆಯದರಿಂದ ಎರಡನೆಯದಕ್ಕೆ ನಾಲ್ಕು ಬೆರಳು. ಎರಡನೆಯದರಿಂದ ಮೂರನೆಯದಕ್ಕೆ ನಾಲ್ಕು ಬೆರಳು. ಪಟ್ಟಿಯ ಅಂಚಿಗೆ ಮೂರೂ ಕಾಂಡ ಸೈನಿಕರ ಹಾಗೆ ತಾಗಿ ನಿಂತಿದ್ದವು. ಪ್ರತಿಯೊಂದರ ಬುಡದಲ್ಲೂ ಒಂದೊಂದು ಹೆಬ್ಬೆರಳಿನ ಕುಳಿ, ಅದರಲ್ಲಿ ರಾತ್ರಿಯ ಮಳೆನೀರು.

"ಮಾವ, ನಾನು ಹೊಲಿಗೆಯವಳು. ಗಿಡದ ವಿಷಯ ಅಷ್ಟು ಗೊತ್ತಿಲ್ಲ" ಎಂದಳು ದರ್ಜಿ, ಬಹಳ ವಿನಯದಿಂದ. "ಕಳೆ ಬೇಲಿ ದಾಟಿ ಬರುವಾಗ ಸಾಲು ಹಿಡಿದು ಬರುತ್ತಾ?"

ಮೂವತ್ತು ವರ್ಷ ಈರುಳ್ಳಿ ನೆಟ್ಟ ಕೈ, ಕದ್ದ ಮಾಲನ್ನೂ ನಾಲ್ಕು ಬೆರಳಿನ ಅಂತರದಲ್ಲಿ ನೆಟ್ಟಿತ್ತು. ಸಸಿಯಮ್ಮ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು; ಅವಳ ಭುಜ ಕುಣಿಯುತ್ತಿತ್ತು.

"ಸುಳ್ಳು ದೂರು. ಎರಡು ದಿನ" ಎಂದ ಮಾವ. ಜೇಬಿನ ಗಡಿಯಾರ ತೆಗೆದು, "ಅಯ್ಯೋ, ಹತ್ತಕ್ಕೆ ಒಬ್ಬರಿಗೆ ಬರ್ತೀನಿ ಅಂದಿದ್ದೆ" ಎಂದು ಹೊರಟ.

ಸಸಿಯಮ್ಮ ಮಣ್ಣು ನೋಡುತ್ತ ಕೂತಳು. "ಏನು ಕೆಲಸ ಮಾಡಬೇಕು, ಹೇಳಿಬಿಡು."

"ಗುಂಡಿ ಹೊಲಿಯೋದು. ಕೂತು ಮಾಡೋ ಕೆಲಸ, ಮೊಣಕಾಲು ಬೇಕಾಗಿಲ್ಲ."

ಸೂಜಿ ಎಂದರೆ ಸಸಿಯಮ್ಮನಿಗೆ ಆಗುತ್ತಿರಲಿಲ್ಲ. ದಾರ ಪೋಣಿಸುವುದರಲ್ಲೇ ಅವಳ ಅರ್ಧ ದಿನ ಹೋಗುತ್ತಿತ್ತು. ದರ್ಜಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಆದರೆ ಹಾಗೆ ಹೇಳಿದವಳು ಹೋಗಲಿಲ್ಲ. ಸೀರೆ ಮೇಲಕ್ಕೆ ಸಿಕ್ಕಿಸಿ ಎರಡನೆಯ ಪಾತಿಯ ಪಕ್ಕದಲ್ಲಿ ಮೊಣಕಾಲೂರಿ ಕೂತೇ ಬಿಟ್ಟಳು.

"ಏನು ಮಾಡ್ತಿದ್ದೀಯ? ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಿಲ್ಲ. ನೀನು ಕೇಳೋಳೂ ಅಲ್ಲ. ಈರುಳ್ಳಿ ಸತ್ತರೆ ವರ್ಷವೆಲ್ಲ ಬೇಲಿ ಮೇಲಿಂದ ನಿನ್ನ ಗೋಳು ಕೇಳಬೇಕು. ನನ್ನ ಮೆಷಿನ್ನಿಗೆ ಅಷ್ಟು ಸದ್ದಿಲ್ಲ. ನಾನು ಕಿತ್ತ ಪ್ರತಿ ದಿನಕ್ಕೂ ನಿನ್ನ ಲೆಕ್ಕಕ್ಕೆ ಇನ್ನೊಂದು ದಿನ ಸೇರಿಸ್ತೀನಿ."

"ಬೇಡ ಅಂದ್ರೆ ಬೇಡ!" ಎನ್ನುತ್ತಲೇ ಸಸಿಯಮ್ಮ ಕಿರುಚಿದಳು: "ಹಾಗೆ ಎಳೀಬೇಡ, ಕಿತ್ತು ಹೋಗುತ್ತೆ! ಬಿಳಿ ದಾರ ಒಳಗೇ ಉಳಿದರೆ ಹತ್ತಾಗಿ ಏಳುತ್ತೆ. ತಗೋ ಈ ಚಾಕು, ಬುಡದಡಿ ಹಾಕು, ಮಣ್ಣು ಸಮೇತ ಎತ್ತು. ಹಾಂ, ಹಾಗೆ."

ದರ್ಜಿ ಎತ್ತಿದ ಹೆಂಟೆಯನ್ನು ಕೊಡವಿದಳು. ಬಿಳಿ ದಾರದ ತುದಿಗಳಲ್ಲಿ ಬಾಯಿ ಮುಚ್ಚಿದ ಪುಟ್ಟ ಮೊಗ್ಗುಗಳು. "ಮಣ್ಣಿನೊಳಗೂ ಹೊಲಿಗೆ ಹಾಕಿಕೊಂಡಿದೆ. ಒಡತಿ ಹಾಗೇ" ಎಂದಳು.

ಮೂರು ದಿನ ಹಾಗೇ ನಡೆಯಿತು. ಸಸಿಯಮ್ಮ ಮಣೆಯ ಮೇಲೆ ಕೂತು ಬೈಯುವುದು, ದರ್ಜಿ ಬೈಸಿಕೊಂಡು ಕೀಳುವುದು. ದರ್ಜಿ ಮೊದಲ ದಿನವೇ ಅಂಗಿಯ ಕಾಲರಿನಷ್ಟು ಉದ್ದದ ಬಿಳಿ ಬಟ್ಟೆಯೊಂದನ್ನು ಬೇಲಿಯ ತಂತಿಗೆ ಕಟ್ಟಿ, ಅದರ ಮೇಲೆ ಕನ್ನೆಯ ರಸದಲ್ಲಿ ಎರಡು ಗೆರೆ ಎಳೆದಿದ್ದಳು. ದಿನಾ ಮೋಡ ಕಟ್ಟಿದೊಡನೆ, ಇಲ್ಲದಿದ್ದರೆ ಸಂಜೆಗೆ, ಬಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿ, ಬೆಳಿಗ್ಗೆ ಇನ್ನೊಂದು ಗೆರೆಯೊಂದಿಗೆ ತಂದು ಕಟ್ಟುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ಐದು ನೀಲಿ ಗೆರೆ. ಆರೂ ಪಾತಿಯಲ್ಲಿ ಈರುಳ್ಳಿ ಬಿಟ್ಟು ಬೇರೆ ಹಸಿರಿಲ್ಲ.

ಐದು ದಿನ ಗುಂಡಿ! ಸಸಿಯಮ್ಮನ ಬೆರಳ ತುದಿ ಈಗಲೇ ಚುರುಗುಟ್ಟಿತು. ಅಂದು ಮಳೆ ಬಿಡುವು ಕೊಟ್ಟಿತ್ತು. ಅವಳು ನೀರಿನ ಕ್ಯಾನು ತುಂಬಿಕೊಂಡು ಕುಂಟುತ್ತ ಪಾತಿಗೆ ಬಂದಳು. "ಪಾಪ, ಸಸಿ ಒಣಗ್ತಾ ಇದೆ" ಎಂದು ಗಟ್ಟಿಯಾಗಿ, ಕಿಟಕಿಗೆ ಕೇಳಿಸುವ ಹಾಗೆ ಹೇಳಿದಳು. ಪಾತಿಗೆ ಎರಡು ಹನಿ ಹಾಕಿದಳು. ಮೂರನೆಯ ಸಲ ಕ್ಯಾನಿನ ಮೂತಿ ಸ್ವಲ್ಪ ಮೇಲೆದ್ದಿತು. ಬೇಲಿಯ ತಂತಿ ತೊಯ್ದಿತು, ಬಟ್ಟೆಯೂ ತೊಯ್ದಿತು. ನೀಲಿ ನೀರು ತೊಟತೊಟ ಎಂದು ಹುಲ್ಲಿಗೆ ಇಳಿಯಿತು. ಸಸಿಯಮ್ಮ ಕಿಟಕಿಯ ಕಡೆ ನೋಡಿದಳು. ಮೆಷಿನ್ ಒಂದು ಉಸಿರು ನಿಂತು ಮತ್ತೆ ಓಡಿತು.

ಗೆದ್ದ ಸಂತೋಷದಲ್ಲಿ ಅವಳು ಬಟ್ಟೆ ಬಿಚ್ಚಿ ಹಿಂಡಿದಳು. ಬಿಡಿಸಿದಳು. ಕಣ್ಣು ಕಿರಿದು ಮಾಡಿ ಹತ್ತಿರ ಹಿಡಿದಳು. ರಸವೆಲ್ಲ ಹೋಗಿತ್ತು. ಆದರೆ ಗೆರೆ ಇದ್ದವು. ನೀಲಿ ದಾರದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ, ಒಂದು ಎರಡು ಮೂರು ನಾಲ್ಕು ಐದು. ತಿರುಗಿಸಿದಳು, ಹಿಂದೆ ಐದು ಗಟ್ಟಿ ಗಂಟು. ದರ್ಜಿ ರಸದಲ್ಲಿ ಗುರುತು ಹಾಕುವುದೇ ಅದರ ಮೇಲೆ ಹೊಲಿಯುವುದಕ್ಕೆ. ಇಷ್ಟು ವರ್ಷ ಬೇಲಿಯಿಂದ ನೋಡುತ್ತಿದ್ದರೂ ಅದು ತನಗೆ ಹೊಳೆಯದೆ ಹೋಯಿತಲ್ಲ!

ಕಿಟಕಿಯಲ್ಲಿ ಮಗಳ ನಗು ತಡೆಯಲಾರದೆ ಹೊರಬಿತ್ತು. ಅವಳ ಹಿಂದಿನಿಂದ ದರ್ಜಿಯ ದನಿ: "ಸಸಿಗೆ ನೀರು ಸಾಕಾಯ್ತಾ, ಬೀಗಿತ್ತಿ?"

ಸಸಿಯಮ್ಮ ಬಟ್ಟೆ ಕೊಡವಿ ಕಿಟಕಿಗೆ ಎತ್ತಿ ತೋರಿಸಿದಳು. "ಇದು ಮೋಸ! ಐದಲ್ಲ, ನಾಲ್ಕೂವರೆ. ಮೂರನೇ ದಿನ ಮಧ್ಯಾಹ್ನವೇ ಎದ್ದು ಹೋದೆ ನೀನು!"

"ಹೌದಾ? ಹಾಗಾದ್ರೆ ಅರ್ಧ ಗೆರೆ ಬಿಚ್ಚಿ ಕೊಡ್ತೀನಿ, ಬಾ. ಹತ್ತು ಸೂಜಿಗೆ ದಾರ ಪೋಣಿಸಿ ಇಟ್ಟಿದ್ದೀನಿ."

"ಇವತ್ತು ಆಗಲ್ಲ. ಕಾಲು ನೋಯ್ತಿದೆ."

"ನಾಳೆ?"

"ನಾಳೆಯ ಕಾಲು ನಾಳೆ ನೋಡೋಣ" ಎಂದು ಸಸಿಯಮ್ಮ ಬಟ್ಟೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲ ಪಾತಿಯ ಮೂಲೆಯಲ್ಲಿ ಯಾರೂ ಕೀಳದೆ ಬಿಟ್ಟಿದ್ದ ಮೂರು ಹೊಲಿಯದ ಕನ್ನೆಗಳು, ನಾಲ್ಕು ಬೆರಳಿಗೊಂದರಂತೆ, ಹೂ ಬಿಟ್ಟು ನಿಂತಿದ್ದವು. ಅವಳು ಅವಕ್ಕೂ ಸ್ವಲ್ಪ ನೀರು ಹಾಕಿದಳು.