ಪಂಕ್ತಿಯಲ್ಲಿ ಒಂದು ಎಲೆ

"ದೂರ ನಿಲ್ಲೋ ಬೇವರ್ಸಿ, ನಿನ್ನ ನೆರಳು ಹಾಲಿಗೆ ಬೀಳ್ತದೆ."

ಧಣಿ ಪದ್ಮನಾಭಯ್ಯನ ಬಾಯಿಂದ ಕೊರಗಪ್ಪನಿಗೆ ದಿನಾ ಬೆಳಿಗ್ಗೆ ಆಗುತ್ತಿದ್ದ ಮಂಗಳಾರತಿ ಇದು. ಸಾಂತಾಕ್ರೂಜ್ ಸ್ಟೇಶನ್ನಿನ ಹತ್ತಿರದ ಆ ಉಡುಪಿ ಹೋಟೆಲಿನಲ್ಲಿ ಅವನದು ಹಿತ್ತಲಿನ ಕೆಲಸ. ಸೌದೆ ಒಡೆಯಬೇಕು, ಮೋರಿ ತೊಳೆಯಬೇಕು. ಚಾ ತೆಂಗಿನ ಗೆರಟೆಯಲ್ಲಿ, ಊಟ ಮೋರಿಯ ಪಕ್ಕ. ಊರಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದ ಜಾತಿ ಮುಂಬಯಿಗೆ ಅವನಿಗಿಂತ ಮೊದಲೇ ಬಂದು ಕೂತಿತ್ತು.

ಮಹಾಯುದ್ಧ ಮುಗಿದ ಮರುವರ್ಷ ಅಕ್ಕಿ ತುಟ್ಟಿಯಾಯಿತು. ಕೆಲಸದವರ ಮಧ್ಯಾಹ್ನದ ಅನ್ನ ಅರ್ಧಕ್ಕಿಳಿಯಿತು. ಮಾಣಿ ಸೀನ ಗೊಣಗಿದ, ಉಳಿದವರು ಕೆಲಸ ನಿಲ್ಲಿಸುವ ಮಾತಾಡಿದರು. ಧಣಿ ಸುಮ್ಮನಿರುತ್ತಾನೆಯೆ? ಬಿಲ್ಡಿಂಗಿನ ಮಾಲೀಕ ಯಹೂದಿ, ಬಾಡಿಗೆ ಏರಿಸಿ ನಿಮ್ಮ ಹೊಟ್ಟೆಗೆ ಹೊಡೆದವನು ಅವನೇ ಎಂದುಬಿಟ್ಟ. ನಿಜವೋ ಸುಳ್ಳೋ ಯಾರೂ ಕೇಳಲಿಲ್ಲ. ಮಾಲೀಕನ ಮುಖ ಕಂಡವರೂ ಇರಲಿಲ್ಲ. ಕಣ್ಣಿಗೆ ಬೀಳುತ್ತಿದ್ದ ಯಹೂದಿ ಒಬ್ಬನೇ: ಮಾಳಿಗೆಯ ಕೋಣೆಯಲ್ಲಿ ಕನ್ನಡಕ ರಿಪೇರಿ ಮಾಡಿಕೊಂಡಿದ್ದ, ಜರ್ಮನಿಯಿಂದ ಓಡಿಬಂದ ಮುದುಕ ಎಮಿಲ್ ಸಾಹೇಬ. ವಾರದೊಳಗೆ ಅವನ ಕಾಫಿಗೆ ಉಗುಳಿ ಕೊಡುವುದು ಶುರುವಾಯಿತು.

ಧಣಿಗೆ ಆ ಕೋಣೆ ಬೇಕಿತ್ತು.

"ಅವನ ಸಾಮಾನು ಬೀದಿಗೆ ಹಾಕು," ಎಂದು ಕೊರಗಪ್ಪನಿಗೆ ಹೇಳಿದ. "ಇವತ್ತು ನೀನೂ ಒಳಗೆ ಪಂಕ್ತಿಯಲ್ಲಿ ಉಣ್ಣು. ಎಲೆ ಹಾಕಿಸ್ತೇನೆ."

ಸೀನ ಅವನನ್ನು ಮೊದಲ ಸಲ ಕೊರಗಪ್ಪಣ್ಣ ಎಂದ. ಕೊರಗಪ್ಪ ಹಿಗ್ಗಿದ, ಸುಳ್ಳು ಯಾಕೆ ಹೇಳಬೇಕು? ತನಗಿಂತ ಕೆಳಗೂ ಒಬ್ಬ ಸಿಕ್ಕನಲ್ಲ ಎಂದು ಹಿಗ್ಗಿಯೇ ಮೆಟ್ಟಿಲು ಹತ್ತಿದ.

ಸಾಹೇಬ ಅಡ್ಡ ನಿಲ್ಲಲಿಲ್ಲ. ಗಾಜು ಒಡೆಯದಿರಲೆಂದು ತಾನೇ ಟ್ರಂಕಿಗೆ ಒಂದು ಕೈ ಕೊಟ್ಟ. ಇಳಿಯುತ್ತ ಮುರುಕು ಹಿಂದಿಯಲ್ಲಿ ತನ್ನ ಕತೆ ಹೇಳಿದ. ಅವನ ಊರಲ್ಲೂ ರೊಟ್ಟಿ ತುಟ್ಟಿಯಾಗಿತ್ತಂತೆ. ಎಲ್ಲಕ್ಕೂ ಯಹೂದಿಗಳೇ ಕಾರಣವೆಂದು ದೊಡ್ಡವರು ಹೇಳಿದರಂತೆ. ಸಾಹೇಬನ ಮನೆಯ ಬಾಗಿಲಿಗೆ ಮೊದಲು ಒದ್ದವನು ಕೆಲಸ ಕಳೆದುಕೊಂಡ ಬೇಕರಿಯ ಆಳು, ಸಾಹೇಬನ ತಾಯಿ ಬಡಿಸಿದ್ದನ್ನು ಉಂಡವನು. ಒದೆಯಲು ಆ ದೊಡ್ಡವರು ಅವನಿಗೆ ಹೊಸ ಬೂಟು ಕೊಟ್ಟಿದ್ದರು. ಸಾಹೇಬನೊಬ್ಬ ಹಡಗು ಹತ್ತಿ ಉಳಿದ. ತಾಯಿ, ತಂಗಿ, ಇಡೀ ಬೀದಿಯ ಯಹೂದಿಗಳನ್ನು ರೈಲಿಗೆ ತುಂಬಿಸಿ ಒಯ್ದು ಕೊಂದರು.

ಬೀದಿಯಲ್ಲಿ ಟ್ರಂಕಿನ ಮೇಲೆ ಕೂತು ಅವನು ಕೇಳಿದ್ದು ಒಂದೇ.

"ತುಮ್ಕೋ ಕ್ಯಾ ದಿಯಾ?"

ನಿನಗೇನು ಕೊಟ್ಟರು? ಒಂದು ಎಲೆ ಅನ್ನ. ಅವಮಾನ ಕೊರಗಪ್ಪನಿಗೆ ಹೊಸದಲ್ಲ. ತಾನೇ ಮಾಡಿದ ಹೊಲಸಿಗೆ ನಾಚುವುದು ಹೊಸದು. ಅವನು ಹೋಟೆಲಿನೊಳಗೆ ನಡೆದ.

ಒಳಗೆ ಎಲೆ ಹಾಕಿತ್ತು. ಎಲ್ಲರ ಮುಂದೆಯೂ ರಾಶಿ ಅನ್ನ, ಮೇಲೆ ಬಿಸಿ ಸಾರು. ಸೀನ ಸರಿದು ಜಾಗ ಮಾಡಿದ. ಧಣಿ ತಾನೇ ಸೌಟು ಹಿಡಿದು, ಕೂರು ಮಾರಾಯ, ಹೊಟ್ಟೆ ತುಂಬ ಉಣ್ಣು ಎಂದ.

ಕೊರಗಪ್ಪ ಕೂರಲಿಲ್ಲ.

"ಧಣಿ, ನಿನ್ನೆವರೆಗೆ ಈ ಅನ್ನ ಎಲ್ಲಿ ಇತ್ತು?"

"ಏನೋ ಬೊಗಳ್ತೀ ಸೂಳೆಮಗನೇ?"

"ಬಾಡಿಗೆ ಇಳೀಲಿಲ್ಲ, ಅಕ್ಕಿ ರೇಟೂ ಇಳೀಲಿಲ್ಲ. ಇವತ್ತು ಇಷ್ಟು ಅನ್ನ ಎಲ್ಲಿಂದ ಬಂತು?"

ಸೀನನ ತುತ್ತು ಬಾಯಿಯ ಹತ್ತಿರ ನಿಂತಿತು. ಉಳಿದವರು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಹಸಿದವರು, ಏನು ಮಾಡಿಯಾರು. ಕೊರಗಪ್ಪ ಹಿತ್ತಲ ದಾರಿ ಬಿಟ್ಟು, ಗಿರಾಕಿಗಳ ನಡುವೆ ಮೇಜು ಮೇಜಿಗೂ ಕೈ ತಾಗಿಸುತ್ತ, ಮುಂಬಾಗಿಲಿನಿಂದ ಹೊರಬಿದ್ದ. ಟ್ರಂಕನ್ನು ತಲೆಗೇರಿಸಿಕೊಂಡು ಮೆಟ್ಟಿಲು ಹತ್ತತೊಡಗಿದ. ಸಾಹೇಬ ಹಿಂದೆ ಬಂದ. ಕೆಳಗೆ ಧಣಿ ಊಟಕ್ಕೆ ಕೂತವರಿಗೆಲ್ಲ ಒಂದೊಂದು ಸೌದೆ ಎತ್ತಿಕೊಳ್ಳಲು ಹೇಳುತ್ತಿದ್ದ.