ಎರಡನೇ ಸಲದ ಉತ್ತರ

ಮುಕದ್ದೆಸ್‌ಗೆ ಸಾಕುಸಾಕಾಗಿತ್ತು. ಟರ್ಕಿಯ ಯೋಜ್‌ಗಾತ್ ಊರಿನ ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಹೆರಿಗೆ ಮಾಡಿಸುತ್ತ ಬಂದಿದ್ದ ದಾದಿಗೆ ಈ ವಯಸ್ಸಿನಲ್ಲಿ ಸ್ನಾತಕೋತ್ತರ ಪದವಿಯ ಹುಚ್ಚು ಯಾಕೆ ಹಿಡಿಯಿತೋ, ದೇವರೇ ಬಲ್ಲ.

ಪ್ರಬಂಧದ ಕೆಲಸವೇನೋ ಹೇಳುವುದಕ್ಕೆ ಸುಲಭ. ಹೆಂಗಸರ ದಾಂಪತ್ಯಸುಖದ ಬಗ್ಗೆ ಇಂಗ್ಲಿಷಿನಲ್ಲಿದ್ದ ಇಪ್ಪತ್ತೊಂದು ಪ್ರಶ್ನೆಗಳು ಟರ್ಕಿಶ್‌ಗೆ ಅನುವಾದವಾಗಿದ್ದವು. ಅವು ಇಲ್ಲಿನವರಿಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸಬೇಕು. ಅರವತ್ತು ಹೆಂಗಸರು ಒಮ್ಮೆ ತುಂಬಬೇಕು, ಎರಡು ವಾರ ಬಿಟ್ಟು ಅವರೇ ಮತ್ತೆ ತುಂಬಬೇಕು. ಎರಡೂ ಸಲದ ಉತ್ತರ ಹೊಂದಿದರೆ ಪ್ರಶ್ನಾವಳಿಯನ್ನು ನಂಬಬಹುದು. ಐವತ್ತೊಂಬತ್ತು ಹೊಂದಿದ್ದವು. ಶುಕ್ರವಾರ ಪ್ರಬಂಧ ಒಪ್ಪಿಸದಿದ್ದರೆ ವಿಶ್ವವಿದ್ಯಾಲಯದವರು ಅವಳ ಹೆಸರನ್ನೇ ಹೊಡೆದುಹಾಕುತ್ತಾರೆ. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು. ಇವತ್ತು ಬುಧವಾರ.

ಅರವತ್ತನೆಯವಳು ಹಜೆರ್, ಇಬ್ಬರು ಮಕ್ಕಳ ತಾಯಿ. ತುಂಬಿದ ಹಾಳೆಗಳನ್ನು ಕೊಟ್ಟು, ಹೋಗದೆ ಅಲ್ಲೇ ಕೂತಳು. ಮುಕದ್ದೆಸ್ ಕಣ್ಣಾಡಿಸಿ ಹಣೆ ಚಚ್ಚಿಕೊಂಡಳು.

"ಏನೇ ಇದು? ಹೋದ್ಸಲ ಕೂಡುವಾಗ ನೋವು 'ಎಂದೂ ಇಲ್ಲ' ಅಂತ ಬರೆದಿದ್ದೆ, ಈಗ 'ಯಾವಾಗಲೂ' ಅಂತಿದೆ. ಎಲ್ಲಾ ಉಲ್ಟಾ!"

"ಹೋದ್ಸಲದ್ದು ಸುಳ್ಳು ಅಕ್ಕಾ."

"ಅದ್ರಲ್ಲಿ ನಿನ್ನ ಹೆಸರೂ ಇಲ್ಲ, ಬರೀ ನಂಬರ್. ಸುಳ್ಳು ಯಾಕೆ ಬರೀಬೇಕಿತ್ತು?"

"ನಂಬರ್ ಕಟ್ಕೊಂಡು ಏನ್ ಮಾಡ್ಲಿ? ಅತ್ತೆ ಪಕ್ಕದಲ್ಲೇ ಇದ್ರಲ್ಲ. ಟೀ ಕೊಟ್ಟು ಕೂರಿಸಿದ್ದು ನೀವೇ."

ಹೌದು, ಕೂರಿಸಿದ್ದಳು. ಸೊಸೆ ಬಂದರೆ ಅತ್ತೆಯೂ ಬರುತ್ತಾಳೆ. ಹಿರಿಯರನ್ನು ಬಾಗಿಲಾಚೆ ನಿಲ್ಲಿಸುವ ಎದೆಗಾರಿಕೆ ಈ ಊರಲ್ಲಿ ಯಾರಿಗಿದೆ?

"ಇವತ್ತೆಲ್ಲಿ ಅವರು?"

"ಕಣ್ಣಿನ ಆಪರೇಷನ್‌ಗೆ ಕೈಸೆರಿಯ ದೊಡ್ಡಾಸ್ಪತ್ರೆಗೆ ಹೋಗಿದಾರೆ. ದೇವರು ನಿಧಾನಕ್ಕೆ ವಾಸಿ ಮಾಡ್ಲಿ." ಹಜೆರ್ ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ಎರಡನೇ ಹೆರಿಗೆ ಆದಾಗಿಂದ ಹೀಗೇ. ಆರು ವರ್ಷ ಆಯ್ತು. ಎಲ್ರಿಗೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ. ನಿಮ್ಮ ಕಾಗದದಲ್ಲಿ 'ಎಂದೂ ಇಲ್ಲ' ಅಂತಾನೂ ಒಂದು ಉತ್ತರ ಇದೆಯಲ್ಲ, ನೋಡಿ ಆಶ್ಚರ್ಯ ಆಯ್ತು. ಇದಕ್ಕೆ ಔಷಧಿ ಇದ್ಯಾ ಅಕ್ಕಾ?"

"ಇದೆ ಕಣೇ," ಎಂದಳು ಮುಕದ್ದೆಸ್. ಆ ಹೆರಿಗೆ ಮಾಡಿಸಿದವಳು ಅವಳೇ. ಮಗುವಿನ ಲಸಿಕೆಗೆಂದು ಹಜೆರ್ ಎಷ್ಟು ಸಲ ಬಂದಿರಲಿಲ್ಲ! ತಾನು ಒಂದು ದಿನವಾದರೂ ನೋವಿದೆಯೇ ಎಂದು ಕೇಳಿದ್ದುಂಟೇ? ಕೈ ಹಿಡಿದು ತಾನೇ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದಳು.

ಮಧ್ಯಾಹ್ನ ಅವಳ ಪ್ರಬಂಧದ ಮಾರ್ಗದರ್ಶಕ ಪ್ರೊಫೆಸರ್ ಫೋನ್ ಮಾಡಿದರು. ಎಲ್ಲ ಕೇಳಿ, "ಅದೊಂದನ್ನ ಬಿಟ್ಟುಬಿಡಮ್ಮ. ಉಳಿದ ಐವತ್ತೊಂಬತ್ತು ಎಷ್ಟು ಚೆನ್ನಾಗಿ ಹೊಂದಿವೆ! ಇಷ್ಟು ಹೊಂದಿದ್ದನ್ನ ನಾನು ನೋಡೇ ಇಲ್ಲ," ಎಂದರು.

ಮುಕದ್ದೆಸ್ ಆ ಹಾಳೆಗಳ ಕಟ್ಟು ಬಿಚ್ಚಿದಳು. ನೋವು: ಎಂದೂ ಇಲ್ಲ. ಎರಡು ವಾರದ ಮೇಲೆ: ಎಂದೂ ಇಲ್ಲ. ಮುಂದಿನವಳು: ಎಂದೂ ಇಲ್ಲ, ಎಂದೂ ಇಲ್ಲ. ಪಕ್ಕದಲ್ಲಿ ಯಾರ್ಯಾರು ಕೂತಿದ್ದರು ಎಂದು ಒಬ್ಬೊಬ್ಬರದೇ ನೆನಪಾಗತೊಡಗಿತು. ಒಂದೇ ಸುಳ್ಳನ್ನು ಎರಡು ಸಲ ಬರೆಸಿದರೆ ಹೊಂದದೆ ಇನ್ನೇನು! ಮೂರು ವರ್ಷದ ಕೆಲಸ ನೀರುಪಾಲಾಯಿತಲ್ಲ ಎಂದು ಮೇಜಿಗೆ ತಲೆಯಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಪಟ್ಟಿಯ ಮೊದಲನೆಯವಳ ಮನೆಗೆ ಫೋನ್ ಹಚ್ಚಿದಳು. ಅತ್ತೆಯೇ ಎತ್ತಿಕೊಂಡಳು.

"ಮತ್ತೆ ಬರ್ಬೇಕಾ? ಆಗ್ಲಿ, ಕರ್ಕೊಂಡು ಬರ್ತೀನಿ."

"ನೀವು ಬೇಡಮ್ಮ. ಅವಳೊಬ್ಬಳೇ ಬರ್ಲಿ."

"ಓಹೋ! ನನ್ನ ಸೊಸೇನ ನಾನು ಕರ್ಕೊಂಡು ಬರ್ಬಾರ್ದಾ? ಯಾವತ್ತು ಬರ್ಬೇಕಂತೆ ಅವಳು?"

"ಶುಕ್ರವಾರ," ಎಂದಳು ಮುಕದ್ದೆಸ್. "ಶುಕ್ರವಾರ ನನಗೆ ಬೇರೆ ಕೆಲಸ ಏನಿಲ್ಲ."